ಹಳೇಬೀಡಿನಲ್ಲಿ ಕ್ಷಿಪಣಿ ಹುಡುಕುವವರಿಗೆ ಒಂದು ಯೋಗಾ ಫೈರ್

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಮೇಲೆ ಕ್ಷಿಪಣಿ ಇಲ್ಲ. ರಾಕೆಟ್ಟೂ ಇಲ್ಲ, ಗೇರೂ ಇಲ್ಲ, ದುರ್ಬೀನೂ ಇಲ್ಲ. ಇದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಹೋದ ಸಲ ಊರಿಗೆ ಹೋದಾಗ ಅಕ್ಕನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ನಮ್ಮ ಮುಂದೆ ಒಂದು ಶಾಲೆಯ ಮಕ್ಕಳ ಗುಂಪು, ಅದರ ಮುಂದೆ ಒಬ್ಬ ಗೈಡು. ರಥದ ಮೇಲೆ ನಿಂತು ಬಾಣ ಬಿಡುತ್ತಿರುವ ಒಬ್ಬ ವೀರನ ಮೇಲೆ ಟಾರ್ಚ್ ಬೆಳಕು ಬಿಟ್ಟು ಆತ ಹೇಳಿದ: "ನೋಡಿ ಮಕ್ಕಳೇ, ಇದು ಬಾಣ ಅಲ್ಲ, ಮಿಸೈಲು. ಅಮೆರಿಕದವರು ಈಗ ಮಾಡಿದ್ದನ್ನ ನಮ್ಮೋರು ಆವಾಗ್ಲೇ ಮಾಡಿದ್ರು." ಮಕ್ಕಳು ಚಪ್ಪಾಳೆ ತಟ್ಟಿದವು. ಮೇಷ್ಟ್ರೂ ತಟ್ಟಿದರು. ಗುಂಪು ಮುಂದಿನ ವಿಸ್ಮಯಕ್ಕೆ ಹೊರಟಿತು. ಆ ವೀರ ಯಾರು, ಎದುರಿಗೆ ಯಾರಿದ್ದಾರೆ, ಬಾಣ ಯಾರಿಗೆ ತಾಗಿತು ಎಂದು ಯಾರೂ ಕೇಳಲಿಲ್ಲ. ಕ್ಷಿಪಣಿ ಅಂದ ಮೇಲೆ ಕೇಳುವುದಕ್ಕೆ ಏನು ಉಳಿಯುತ್ತದೆ?

ಆ ಗೈಡನ್ನು ಬೈದು ಪ್ರಯೋಜನವಿಲ್ಲ. ಜನ ಏನು ಕೇಳಿದರೆ ಖುಷಿಪಡುತ್ತಾರೋ ಅದನ್ನು ಹೇಳಿ ಅವನು ಹೊಟ್ಟೆ ಹೊರೆಯುತ್ತಾನೆ. ಆ ಖುಷಿಯನ್ನು ಬೇಯಿಸಿ ಬಡಿಸಿದವರು ಬೇರೆ ಇದ್ದಾರೆ. ಮೂರ್ತಿಯ ಕೈಯಲ್ಲಿ ಏನೋ ಗುಂಡಗೆ ಕಂಡರೆ ಗೇರ್, ಉದ್ದಕ್ಕೆ ಕಂಡರೆ ರಾಕೆಟ್, ಸುರುಳಿ ಕಂಡರೆ ಸ್ಕ್ರೂ ಎಂದು ವಿಡಿಯೋ ಮಾಡುವವರು, ಅದನ್ನು ಬೆಳಗಿನ ಶುಭೋದಯದ ಜೊತೆ ಕಳಿಸುವ ನಮ್ಮ ಚಿಕ್ಕಪ್ಪಂದಿರು, ಒಮ್ಮೊಮ್ಮೆ ಇನ್ನೂ ದೊಡ್ಡ ಕುರ್ಚಿಯವರು. 2019ರ ಜನವರಿಯಲ್ಲಿ ಜಲಂಧರದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಂದು ವಿಶ್ವವಿದ್ಯಾಲಯದ ಕುಲಪತಿಗಳೇ ವಿಷ್ಣುವಿನ ಚಕ್ರ ಗುರಿಯನ್ನು ಬೆನ್ನಟ್ಟುವ ಕ್ಷಿಪಣಿ ಎಂದರು. ನನ್ನ ಜಗಳ ಇವರೆಲ್ಲರ ಜೊತೆ. ಇದು ವಿಜ್ಞಾನಕ್ಕೆ ಅವಮಾನ ಎಂದು ಬೇಕಾದಷ್ಟು ಜನ ಬರೆದಿದ್ದಾರೆ, ಸರಿಯಾಗಿಯೇ ಬರೆದಿದ್ದಾರೆ. ನನ್ನ ತಕರಾರು ಇನ್ನೊಂದು ಕಡೆಯದು. ಇದು ಅಸ್ತ್ರಕ್ಕೆ ಅವಮಾನ. ಮಹಾಭಾರತಕ್ಕೆ ಅವಮಾನ. ಬಳಪದ ಕಲ್ಲಿನಲ್ಲಿ ಅದನ್ನು ಕೆತ್ತಿದವನಿಗಂತೂ ಕಪಾಳಮೋಕ್ಷ. ಅಸ್ತ್ರ ಎಂದರೆ ಏನು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈ ಕ್ಷಿಪಣಿ ಪಂಡಿತರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಜಪಾನಿನ ಒಸಾಕಾದಲ್ಲಿ ವಿಡಿಯೋ ಗೇಮ್ ಮಾಡುತ್ತಿದ್ದ ಒಂದಷ್ಟು ಜನ ಎಂದರೆ ನಿಮಗೆ ನಗು ಬರಬಹುದು. ನಕ್ಕು, ಮುಂದೆ ಓದಿ.

ಅರಸೀಕೆರೆ ಎಂದರೆ ಹೊರಗಿನವರಿಗೆ ರೈಲು ಬದಲಿಸುವ ಜಂಕ್ಷನ್. ನಮಗೆ ಕೊಬ್ಬರಿ ವಾಸನೆ, ಧೂಳು, ಮತ್ತು ತೊಂಬತ್ತರ ದಶಕದ ನಡುವಿನಲ್ಲಿ ಎಲ್ಲಿಂದಲೋ ಬಂದು ಕೂತ ಒಂದು ವಿಡಿಯೋ ಗೇಮ್ ಅಂಗಡಿ. ಒಂದು ರೂಪಾಯಿ ಹಾಕಿದರೆ ಒಂದು ಆಟ. ಎರಡು ಡಬ್ಬಿ. ಒಂದರಲ್ಲಿ ನಾವೆಲ್ಲ 'ಮುಸ್ತಫಾ' ಎಂದು ಕರೆಯುತ್ತಿದ್ದ ಡೈನೋಸಾರ್ ಆಟ, ಇನ್ನೊಂದರಲ್ಲಿ ಸ್ಟ್ರೀಟ್ ಫೈಟರ್ 2. ಕ್ಯಾಪ್ಕಾಮ್ ಕಂಪನಿ 1991ರಲ್ಲಿ ಹೊರತಂದ ಆಟ ಅದು. ಎಂಟು ಜನ ಜಟ್ಟಿಗಳು, ಆರು ಗುಂಡಿ, ಒಂದು ಜಾಯ್‌ಸ್ಟಿಕ್. ಎಂಟರಲ್ಲಿ ಒಬ್ಬ ನಮ್ಮವನು: ಧಾಲ್ಸಿಮ್. ಬೋಳು ತಲೆ, ಬಡಕಲು ಮೈ, ಕೊರಳಲ್ಲಿ ತಲೆಬುರುಡೆಯ ಹಾರ. ಅವನ ಅಖಾಡದಲ್ಲಿ ಎರಡೂ ಕಡೆ ಆನೆಗಳು ಸಾಲಾಗಿ ನಿಂತು ಘೀಳಿಡುತ್ತವೆ. ಅವನ ಕೈಕಾಲು ಪರದೆಯ ಆ ತುದಿಯವರೆಗೂ ಉದ್ದವಾಗುತ್ತದೆ. ಬಾಯಿಯಿಂದ ಬೆಂಕಿಯ ಉಂಡೆ ಬಿಡುತ್ತಾನೆ. ಬಿಡುವಾಗ ಅದರ ಹೆಸರನ್ನು ಕೂಗುತ್ತಾನೆ: ಯೋಗಾ ಫೈರ್!

ಈ ಬೆಂಕಿ ಬರುವುದು ಹೇಗೆ? ಗುಂಡಿ ಒತ್ತಿದರೆ ಬರುವುದಿಲ್ಲ. ಗುಂಡಿ ಒತ್ತಿದರೆ ಬರೀ ಗುದ್ದು. ಜಾಯ್‌ಸ್ಟಿಕ್ಕನ್ನು ಮೊದಲು ಕೆಳಗೆ, ಅಲ್ಲಿಂದ ಜಾರಿಸಿ ಕೆಳಗೆ-ಮುಂದಿನ ಮೂಲೆಗೆ, ಅಲ್ಲಿಂದ ಮುಂದಕ್ಕೆ, ಮುಂದಕ್ಕೆ ತಂದ ಗಳಿಗೆಯಲ್ಲೇ ಗುದ್ದಿನ ಗುಂಡಿ. ಕಾಲು ಸುತ್ತು. ಒಂದು ಹೆಜ್ಜೆ ತಪ್ಪಿದರೆ, ನಡುವೆ ತಡವರಿಸಿದರೆ, ಮೂಲೆ ಬಿಟ್ಟು ಹಾರಿದರೆ, ಬೆಂಕಿ ಇಲ್ಲ. ಗಾಳಿಗೆ ಒಂದು ಗುದ್ದು, ಎದುರಾಳಿಯ ಕೈಯಲ್ಲಿ ಒದೆ. ನಮ್ಮ ಅಂಗಡಿಯ ಡಬ್ಬಿಯ ಮೇಲೆ ಈ ಕ್ರಮವನ್ನು ಯಾರೂ ಬರೆದಿರಲಿಲ್ಲ. ಹಾಸನದಲ್ಲಿ ಕಲಿತು ಬಂದ ಒಬ್ಬ ದೊಡ್ಡ ಹುಡುಗ ಇದ್ದ. ಕೈಗೆ ಕರ್ಚೀಫು ಮುಚ್ಚಿಕೊಂಡು ಆಡುತ್ತಿದ್ದ. ಹದಿನೈದು ದಿನ ಅವನಿಗೆ ಕಡಲೆಕಾಯಿ ಕೊಡಿಸಿದ ಮೇಲೆ ನನಗೆ ಹೇಳಿಕೊಟ್ಟ, ಅದೂ ಬೇರೆ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡು. ಉಪದೇಶ ಎಂದರೆ ಇದೇ. ಶಸ್ತ್ರಕ್ಕೂ ಅಸ್ತ್ರಕ್ಕೂ ಇರುವ ವ್ಯತ್ಯಾಸವೂ ಇದೇ. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ. ಮಂತ್ರದ ಕ್ರಮ ತಿಳಿದವನು ಮಾತ್ರ ಎಸೆಯಬಲ್ಲದ್ದು ಅಸ್ತ್ರ. ಅದೇ ದರ್ಭೆ, ಅದೇ ಬಾಣ. ಕ್ರಮ ಗೊತ್ತಿಲ್ಲದವನ ಕೈಯಲ್ಲಿ ಅದು ಹುಲ್ಲುಕಡ್ಡಿ. ಪರಶುರಾಮ ಕರ್ಣನಿಗೆ ಕೊಟ್ಟ ಶಾಪ ನೆನಪಿದೆಯಲ್ಲ? ಬಿಲ್ಲು ಮುರಿಯಲಿ ಎಂದಲ್ಲ, ಬೇಕಾದ ಹೊತ್ತಿಗೆ ಮಂತ್ರ ಮರೆಯಲಿ ಎಂದು. ಕೊನೆಯ ಸುತ್ತಿನಲ್ಲಿ, ಹಿಂದೆ ಹತ್ತು ಜನ ನಿಂತು ಕೂಗುವಾಗ, ಬೆರಳಿಗೆ ಆ ಕಾಲು ಸುತ್ತು ಮರೆತುಹೋಗುವುದು ಏನೆಂದು ಒಂದು ರೂಪಾಯಿ ಕಳೆದುಕೊಂಡ ಯಾವ ಹುಡುಗನಿಗೂ ಗೊತ್ತು.

ಬೆಂಕಿ ಹೊರಟ ಮೇಲೂ ಲೆಕ್ಕ ಮುಗಿಯುವುದಿಲ್ಲ. ನಿಜವಾದ ಆಟ ಶುರುವಾಗುವುದೇ ಆಗ. ಮೆಲ್ಲನೆಯ ಗುದ್ದಿನ ಗುಂಡಿ ಒತ್ತಿದ್ದರೆ ಉಂಡೆ ನಿಧಾನವಾಗಿ ತೇಲುತ್ತದೆ, ಜೋರಿನ ಗುಂಡಿಗೆ ವೇಗವಾಗಿ ಹೋಗುತ್ತದೆ. ವೇಗದ್ದೇ ಒಳ್ಳೆಯದು ಅಂದುಕೊಳ್ಳುತ್ತೀರಿ. ಅಲ್ಲ. ಒಂದು ಉಂಡೆ ಪರದೆಯ ಮೇಲೆ ಇರುವವರೆಗೆ ನೀವು ಇನ್ನೊಂದು ಬಿಡುವಂತಿಲ್ಲ. ನಿಧಾನದ್ದು ಬಿಟ್ಟರೆ ಅದರ ಹಿಂದೆಯೇ ನಡೆದು ಹೋಗಬಹುದು. ಎದುರಿನವನಿಗೆ ಬೆಂಕಿಯನ್ನೂ ನಿಮ್ಮನ್ನೂ ಒಟ್ಟಿಗೆ ಎದುರಿಸಬೇಕಾದ ಸಂಕಟ. ಅವನು ಹಾರಿದರೆ ಧಾಲ್ಸಿಮ್‌ನ ಉದ್ದನೆಯ ಕೈ ಕಾದಿರುತ್ತದೆ. ಆದರೆ ಬಿಟ್ಟ ಕ್ಷಣದಲ್ಲಿ ಧಾಲ್ಸಿಮ್ ಕೆಲಸಕ್ಕೆ ಬಾರದವನು. ಬಾಯಿ ತೆರೆದು, ಮೈ ಮುಂದಕ್ಕೆ ಚಾಚಿ, ಅರೆ ಗಳಿಗೆ ಹಾಗೇ ಸಿಕ್ಕಿಬೀಳುತ್ತಾನೆ. ಎದುರಾಳಿ ಮೊದಲೇ ಊಹಿಸಿ ಹಾರಿಬಂದಿದ್ದರೆ ತಲೆಯ ಮೇಲೆ ಒದೆ ಗ್ಯಾರಂಟಿ. ಎಸೆಯುವುದು ಎಂದರೆ ಆ ಅರೆ ಗಳಿಗೆ ನಿಮ್ಮನ್ನು ನೀವೇ ಬರಿದು ಮಾಡಿಕೊಳ್ಳುವುದು. ಹತ್ತಿರ ನಿಂತು ಎಸೆಯುವವನು ಪೆದ್ದ. ಹೆದರಿ ಎಸೆಯುವವನು ಇನ್ನೂ ಪೆದ್ದ. ಎದುರಾಳಿಗೆ ಅದು ವಾಸನೆಯಿಂದಲೇ ಗೊತ್ತಾಗುತ್ತದೆ.

ಎರಡು ಬೆಂಕಿ ನಡುವೆ ಭೇಟಿಯಾದರೆ ಎರಡೂ ಆರಿಹೋಗುತ್ತವೆ. ರ‍್ಯೂ ಬಿಟ್ಟ ಹಡೂಕೆನ್ ನೀಲಿ, ಧಾಲ್ಸಿಮ್‌ನದು ಕೆಂಪು. ಎರಡೂ ಮುಟ್ಟಿ ಟಪ್ ಎಂದು ಮಾಯ. ಇದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. 1987ರಿಂದ ಭಾನುವಾರ ಬೆಳಿಗ್ಗೆ ದೂರದರ್ಶನದ ರಾಮಾಯಣದಲ್ಲಿ, ಆಮೇಲೆ ಮಹಾಭಾರತದಲ್ಲಿ, ನಡು ಆಕಾಶದಲ್ಲಿ ಬಾಣ ಬಾಣಕ್ಕೆ ತಾಗಿ ಮಾಯವಾಗುವುದನ್ನು ನೋಡಿದ್ದೆವು. ಅದಕ್ಕೂ ಮೊದಲು ಊರ ಹಬ್ಬದ 'ಕುರುಕ್ಷೇತ್ರ' ನಾಟಕದಲ್ಲಿ, ತೆಂಗಿನಕಾಯಿ ಮಾರಿದ ದುಡ್ಡು ಕೊಟ್ಟು ಕರ್ಣನ ಪಾತ್ರ ಹಿಡಿದ ನಮ್ಮ ಪಕ್ಕದ ಹೊಲದ ಅಣ್ಣ ಅಸ್ತ್ರದ ಹೆಸರನ್ನು ಹಾರ್ಮೋನಿಯಂ ಶ್ರುತಿಗೆ ಕೂಗಿಯೇ ಬಾಣ ಬಿಡುತ್ತಿದ್ದ. ಹೆಸರು ಕೂಗದೆ ಬಿಟ್ಟರೆ ಅದು ಬಿದಿರು ಕಡ್ಡಿ. ಹೊಯ್ಸಳ ಎಂಬ ಹೆಸರೇ 'ಹೊಯ್, ಸಳ' ಎಂಬ ಕೂಗಿನಿಂದ ಬಂತೆಂದು ಕಥೆ ಹೇಳುವ ಊರಿನವರು ನಾವು. ಹೊಡೆತಕ್ಕೆ ಮೊದಲು ಕೂಗು ಬೇಕು ಎನ್ನುವುದು ನಮಗೆ ಹೊಸದಲ್ಲ.

ಇನ್ನೊಂದು ನಿಯಮ ಇದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಸಾಮಾನ್ಯ ಗುದ್ದನ್ನು ತಡೆದು ನಿಂತರೆ ನಿಮಗೆ ಏನೂ ಆಗುವುದಿಲ್ಲ. ಬೆಂಕಿಯನ್ನು ತಡೆದು ನಿಂತರೂ ಒಂದು ಚೂರು ಜೀವ ಹೋಗುತ್ತದೆ. ತಡೆದೆ ಅಂದುಕೊಂಡವನೂ ಸವೆಯುತ್ತಾನೆ. ಹಾಗಾಗಿ ಕೊನೆಯ ಕೂದಲೆಳೆಯಷ್ಟು ಜೀವ ಉಳಿದವನಿಗೆ ತಡೆಯುವುದೂ ಸಾವೇ. ಅವನು ಹಾರಲೇಬೇಕು, ಇಲ್ಲವೇ ಬಗ್ಗಬೇಕು. ಸಗಾತ್ ಎಂಬ ಒಕ್ಕಣ್ಣ ಎತ್ತರದಲ್ಲಿ ಬಿಡುವ ಹುಲಿ ಬೆಂಕಿಯನ್ನು ಕುಕ್ಕರುಗಾಲಲ್ಲಿ ಕೂತು ತಪ್ಪಿಸಿಕೊಳ್ಳಬಹುದು. ತಲೆಯ ಮೇಲೆ ಹಾದುಹೋಗುತ್ತದೆ.

ಬಗ್ಗಿ ತಪ್ಪಿಸಿಕೊಳ್ಳುವುದು! ಕರ್ಣಪರ್ವ ಕೇಳಿದವರಿಗೆ ಇನ್ನೇನು ಹೇಳಬೇಕು. ಕರ್ಣ ಸರ್ಪಾಸ್ತ್ರ ಹೂಡಿದ್ದಾನೆ. ಬಾಣದ ತುದಿಯಲ್ಲಿ ಖಾಂಡವ ವನದ ಹಗೆ ಹೊತ್ತ ಅಶ್ವಸೇನ ಕೂತಿದ್ದಾನೆ. ಶಲ್ಯ ಹೇಳುತ್ತಾನೆ, ಗುರಿ ಸರಿಯಿಲ್ಲ, ಬದಲಿಸು ಎಂದು. ಹೂಡಿದ ಮೇಲೆ ಬದಲಿಸುವವನು ನಾನಲ್ಲ ಎನ್ನುತ್ತಾನೆ ಕರ್ಣ. ಬಾಣ ಹೊರಡುತ್ತದೆ. ಕೃಷ್ಣ ಏನು ಮಾಡಿದ? ಎದುರು ಬಾಣ ಬಿಡಿಸಲಿಲ್ಲ, ಗುರಾಣಿ ಹಿಡಿಯಲಿಲ್ಲ. ರಥವನ್ನೇ ನೆಲಕ್ಕೆ ಒತ್ತಿದ. ಅರ್ಜುನನ ಕಿರೀಟ ಹೋಯಿತು, ತಲೆ ಉಳಿಯಿತು. ಈ ಪ್ರಸಂಗವನ್ನು ಕ್ಷಿಪಣಿಯ ಭಾಷೆಗೆ ಅನುವಾದಿಸಿ ನೋಡೋಣ. ಗುರಿಯನ್ನು ಬೆನ್ನಟ್ಟುವ ಕ್ಷಿಪಣಿಯಾಗಿದ್ದರೆ ರಥ ತಗ್ಗಿದ ಕೂಡಲೇ ಅದೂ ತಗ್ಗಬೇಕಿತ್ತು, ಅರ್ಜುನ ಅಲ್ಲೇ ಮುಗಿಯಬೇಕಿತ್ತು. ಕಥೆಯೇ ಇಲ್ಲ! ಯೋಗಾ ಫೈರ್‌ನ ಭಾಷೆಯಲ್ಲಿ ಅರ್ಥವಾಗುತ್ತದೆ: ಹೊರಟದ್ದು ಹೊರಟಿತು, ಅದರ ಎತ್ತರ ನಿಗದಿ, ಬಿಟ್ಟವನು ಈಗ ಏನೂ ಮಾಡುವಂತಿಲ್ಲ, ಎದುರಿನ ಸಾರಥಿ ಆಟ ಬಲ್ಲವನು.

ನಾರಾಯಣಾಸ್ತ್ರದ ಕಥೆ ಇನ್ನೂ ಚೆನ್ನ. ದ್ರೋಣ ಸತ್ತ ಸಿಟ್ಟಿಗೆ ಅಶ್ವತ್ಥಾಮ ಅದನ್ನು ಬಿಡುತ್ತಾನೆ. ಎದುರಿಸಿದಷ್ಟೂ ಉರಿ ಹೆಚ್ಚುತ್ತದೆ. ಕೃಷ್ಣ ಹೇಳುತ್ತಾನೆ, ರಥ ಇಳಿಯಿರಿ, ಆಯುಧ ಕೆಳಗಿಡಿ, ಸುಮ್ಮನೆ ನಿಲ್ಲಿ. ಎಲ್ಲರೂ ಇಟ್ಟರು. ಭೀಮ ಮಾತ್ರ ಗದೆ ಬಿಡಲೊಲ್ಲ. ಕೃಷ್ಣಾರ್ಜುನರು ಅವನನ್ನು ರಥದಿಂದ ಎಳೆದು ಇಳಿಸಬೇಕಾಯಿತು. ಅಸ್ತ್ರ ಶಾಂತವಾದ ಮೇಲೆ ದುರ್ಯೋಧನ ಕೇಳುತ್ತಾನೆ: ಇನ್ನೊಂದು ಸಲ ಬಿಡು. ಆಗದು, ಎರಡನೇ ಸಲ ಬಿಟ್ಟರೆ ಬಿಟ್ಟವನಿಗೇ ತಿರುಗುತ್ತದೆ ಎನ್ನುತ್ತಾನೆ ಅಶ್ವತ್ಥಾಮ. ಇಂದ್ರ ಕರ್ಣನಿಗೆ ಕೊಟ್ಟ ಶಕ್ತಿಯದೂ ಅಷ್ಟೇ, ಒಂದೇ ಬಾರಿ. ಅದಕ್ಕೆ ತೆತ್ತ ಬೆಲೆ ಕವಚ ಕುಂಡಲ. ಅರ್ಜುನನಿಗೆಂದು ಇಟ್ಟದ್ದು ಘಟೋತ್ಕಚನಿಗೆ ಖರ್ಚಾಯಿತು. ಯಾರು ಬಿಡಬಹುದು, ಎಷ್ಟು ಸಲ, ಏನು ಬೆಲೆ, ಯಾವುದರಿಂದ ಆರುತ್ತದೆ: ಮಹಾಭಾರತದಲ್ಲಿ ಪ್ರತಿ ಅಸ್ತ್ರಕ್ಕೂ ಇಂಥ ಕಟ್ಟಳೆ ಇದೆ, ಮತ್ತು ಕಥೆ ನಡೆಯುವುದೇ ಆ ಕಟ್ಟಳೆಯ ಮೇಲೆ. ಕ್ಷಿಪಣಿ ಎಂದ ಕೂಡಲೇ ಈ ಕಟ್ಟಳೆಗಳೆಲ್ಲ ಉದುರಿಹೋಗುತ್ತವೆ. ಉಳಿಯುವುದು ಒಂದೇ, ಎಷ್ಟು ದೂರ ಹಾರುತ್ತದೆ ಎನ್ನುವುದು.

ಈಗ ಗೋಡೆಗೆ ಬನ್ನಿ. ಹೊಯ್ಸಳೇಶ್ವರದ ಹೊರಗೋಡೆಯನ್ನು ಕೆಳಗಿನಿಂದ ನೋಡಿದರೆ ಆನೆ ಸಾಲು, ಸಿಂಹ, ಬಳ್ಳಿ, ಕುದುರೆ. ಅದರ ಮೇಲೆ ಕಣ್ಣಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಕಥೆಯ ಪಟ್ಟಿ. ರಾಮಾಯಣ, ಭಾರತ, ಭಾಗವತ ಅಲ್ಲಿ ಸುತ್ತಿಕೊಂಡು ಹೋಗುತ್ತವೆ. ಗೇಣೆತ್ತರದ ಪಟ್ಟಿ ಅದು, ಬಗ್ಗಿ ನೋಡಬೇಕು. ಪ್ರವಾಸಿಗಳು ಸಾಮಾನ್ಯವಾಗಿ ಬಗ್ಗುವುದಿಲ್ಲ, ಮೇಲಿನ ದೊಡ್ಡ ಮೂರ್ತಿಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ಕರ್ಣಾರ್ಜುನರ ಕಾಳಗ ಇದೆ. ಚಕ್ರವ್ಯೂಹಕ್ಕೆ ನುಗ್ಗುವ ಅಭಿಮನ್ಯು ಇದ್ದಾನೆ. ಭೀಷ್ಮ ಇದ್ದಾನೆ. ರೂವಾರಿಗೆ ಇದ್ದ ಸಮಸ್ಯೆ ಏನೆಂದು ಯೋಚಿಸಿ. ಕಲ್ಲು ಅಲುಗುವುದಿಲ್ಲ. ಹಾರುವ ಬಾಣವನ್ನು ಅವನು ಹೇಗೆ ತೋರಿಸಬೇಕು? ಬಿಲ್ಲು ಹಿಡಿದವನ ಭುಜ, ಹಿಂದಕ್ಕೆ ಎಳೆದ ಮೊಣಕೈ, ಮುರಿದುಬೀಳುವಂತೆ ಬಾಗಿದ ಬಿಲ್ಲು, ಎದುರಿನ ರಥದ ಮೇಲೆ ಇನ್ನೊಂದು ಬಿಲ್ಲು. ಬಾಣಕ್ಕಿಂತ ಬಿಡುವವರ ಮೈ ಮುಖ್ಯ ಅವನಿಗೆ. ಆಟದ ಚಿತ್ರಗಾರನೂ ಅದನ್ನೇ ಮಾಡಿದ್ದು. ಧಾಲ್ಸಿಮ್‌ನ ಬೆಂಕಿಯ ಉಂಡೆ ಬರೀ ನಾಲ್ಕಾರು ಚುಕ್ಕೆ. ಅವನ ಬಾಗಿದ ಬೆನ್ನಿನಲ್ಲಿ ಮುಂದೇನಾಗುತ್ತದೆ ಎಂಬುದು ಇದೆ, ಎದುರಾಳಿ ಓದುವುದು ಅದನ್ನೇ.

ಇನ್ನು ಶರಮಂಚ. ನಾಲ್ಕು ಕಾಲಿನ ಮಂಚವಲ್ಲ, ಬಾಣಗಳ ಮೇಲೆ ಮಲಗಿದ ಮುದುಕ. ಎಂಟುನೂರು ಚಿಲ್ಲರೆ ವರ್ಷದ ಹಿಂದೆ ನಮ್ಮ ಊರಿನ ಪಕ್ಕದಲ್ಲಿ ಚಾಣ ಹಿಡಿದು ಕೂತವನಿಗೆ ಬಾಣದ ಬಗ್ಗೆ ಹೇಳಬೇಕು ಅನ್ನಿಸಿದ್ದು ಅದು ಎಷ್ಟು ದೂರ ಹೋಗುತ್ತದೆ ಎಂದಲ್ಲ, ಹೋಗಿ ಯಾರ ಮೈಗೆ ನೆಟ್ಟಿತು ಎಂದು. ಅಜ್ಜನ ಮೈಗೆ ಮೊಮ್ಮಗನ ಬಾಣ. ಅಲ್ಲಿಗೆ ಶಾಲೆಯ ಮಕ್ಕಳನ್ನು ಕರೆತಂದು, ಭೀಷ್ಮನನ್ನು ದಾಟಿಸಿಕೊಂಡು ಹೋಗಿ, ಇನ್ನೆಲ್ಲೋ ಒಂದು ದ್ವಾರಪಾಲಕನ ಆಭರಣದಲ್ಲಿ ಸ್ಕ್ರೂ ತೋರಿಸುತ್ತೀರಲ್ಲ, ನಿಮಗೆ ಹೊಟ್ಟೆಗೆ ಏನು ತಿನ್ನುತ್ತೀರಿ ಎಂದು ಕೇಳಬೇಕೆನಿಸುತ್ತದೆ.

ರಾಕೆಟ್ಟೇ ಬೇಕೆಂದರೆ ಕರ್ನಾಟಕದಲ್ಲಿ ಬರವಿಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗಿ. 2018ರಲ್ಲಿ ಅಲ್ಲಿನ ಒಂದು ಪಾಳುಬಾವಿ ತೋಡಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟು ಸಿಕ್ಕವು. ಮೈಸೂರಿನವರ ಕಬ್ಬಿಣದ ಕೊಳವೆಯ ರಾಕೆಟ್ಟುಗಳು, ಒಳಗೆ ಮದ್ದಿನ ಪುಡಿಯ ಗುರುತು ಸಮೇತ. ಕಬ್ಬಿಣದ ಕೊಳವೆ ಇದ್ದುದರಿಂದಲೇ ಮದ್ದಿನ ಒತ್ತಡ ತಡೆದು ಅವು ದೂರ ಹಾರುತ್ತಿದ್ದವು. 1780ರಲ್ಲಿ ಪೊಲ್ಲಿಲೂರಿನಲ್ಲಿ ಬ್ರಿಟಿಷರ ಪಡೆ ಇವನ್ನು ಎದುರಿಸಿತು. ಆಮೇಲೆ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಎಂಬಾತ ರಾಕೆಟ್ ಮಾಡಲು ಕೂತದ್ದು ಇವನ್ನು ಕಂಡ ಮೇಲೆಯೇ. ಇದು ಕನ್ನಡ ನಾಡಿನ ಕ್ಷಿಪಣಿಯ ನಿಜವಾದ ಕಥೆ. ಮುಟ್ಟಿ ನೋಡಬಹುದು, ತೂಗಬಹುದು. ಆದರೂ ನಮ್ಮ ವಿಡಿಯೋ ವೀರರು ನಗರದ ಬಾವಿ ಬಿಟ್ಟು ಹಳೇಬೀಡಿನ ಗೋಡೆಗೇ ಯಾಕೆ ಬರುತ್ತಾರೆ? ಬಾವಿಯ ರಾಕೆಟ್ಟಿನ ಜೊತೆ ಅಂಟಿಕೊಂಡಿರುವ ಹೈದರ್ ಮತ್ತು ಟಿಪ್ಪುವಿನ ಹೆಸರು ಅವರಿಗೆ ಅನುಕೂಲವಾಗಿಲ್ಲ, ಅಷ್ಟೇ. ಇರುವ ರಾಕೆಟ್ಟು ಬೇಡ, ಇಲ್ಲದ ಮಿಸೈಲು ಬೇಕು. ಇದೇ ಜನ ಬ್ರಹ್ಮೋಸ್ ಅಂದರೆ ಬ್ರಹ್ಮಾಸ್ತ್ರ ಎಂದುಕೊಂಡಿದ್ದಾರೆ. ಅದು ಬ್ರಹ್ಮಪುತ್ರ ಮತ್ತು ರಷ್ಯಾದ ಮಾಸ್ಕ್ವಾ, ಎರಡು ನದಿಗಳ ಹೆಸರನ್ನು ಕೂಡಿಸಿ ಇಟ್ಟದ್ದು.

'ಇಷ್ಟು ನುಣುಪು ಮನುಷ್ಯರ ಕೈಯಲ್ಲಿ ಸಾಧ್ಯವೇ ಇಲ್ಲ, ಯಂತ್ರವೇ ಇರಬೇಕು' ಎನ್ನುವುದು ಇದೇ ರೋಗದ ಇನ್ನೊಂದು ಮುಖ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕಂಬಗಳನ್ನು ತಿರುಗಣೆಯಲ್ಲಿ ತಿರುಗಿಸಿ ನಯ ಮಾಡಿದ್ದಾರೆ ಎಂದು ಬಲ್ಲವರು ಹೇಳುತ್ತಾರೆ. ತಿರುಗಣೆ ಎಂದರೆ ಕೈಬಲ, ಹಗ್ಗ, ಬೆವರು. ಯಂತ್ರ ಮಾಡಿತು ಎಂದು ಹೇಳಿದಾಗ ನೀವು ಅಳಿಸುತ್ತಿರುವುದು ಯಾರ ಹೆಸರನ್ನು ಗೊತ್ತೇ? ಬೇಲೂರಿಗೆ ಬನ್ನಿ, ಹಳೇಬೀಡಿನಿಂದ ಹದಿನಾರು ಕಿಲೋಮೀಟರು. 1117ರ ಚೆನ್ನಕೇಶವ ದೇವಸ್ಥಾನದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಮದನಿಕೆಯರ ಕಾಲ ಬುಡದಲ್ಲಿ ಕೆತ್ತಿದ್ದಾರೆ. ಬರೀ ಹೆಸರಲ್ಲ, ಎದುರಾಳಿ ರೂವಾರಿಗಳನ್ನು ಮಣಿಸಿದವರು ಎಂಬ ಜಂಬದ ಬಿರುದುಗಳೂ ಅಲ್ಲಿನ ಕಲ್ಲಿನ ಮೇಲೆ ಇವೆ. ನಮ್ಮ ಅಂಗಡಿಯ ಡಬ್ಬಿಯಲ್ಲಿ ಹೆಚ್ಚು ಅಂಕ ಗಳಿಸಿದವನು ಮೂರಕ್ಷರದ ಹೆಸರು ಬರೆದು ಹೋಗುತ್ತಿದ್ದ. ಮರುದಿನ ಅದನ್ನು ಕೆಳಗಿಳಿಸುವುದೇ ಉಳಿದವರ ಬದುಕಿನ ಗುರಿ. ಚಾವಣನಿಗೂ ಆ ಹುಡುಗರಿಗೂ ನಡುವೆ ನನಗೆ ದೂರ ಕಾಣುವುದಿಲ್ಲ. ಯಂತ್ರಕ್ಕೆ ಬಿರುದು ಬೇಕಿಲ್ಲ, ಎದುರಾಳಿಯೂ ಬೇಕಿಲ್ಲ.

ಈ ಮಾತು ಹೇಳಿದರೆ ಎರಡು ಕಡೆಯಿಂದ ಕಲ್ಲು ಬೀಳುತ್ತವೆ. ಒಂದು, ವಿಡಿಯೋ ಗೇಮಿಗೂ ಮಹಾಭಾರತಕ್ಕೂ ಹೋಲಿಕೆಯೇ ಎಂದು ಮೂಗು ಮುರಿಯುವ ಸಾಹಿತ್ಯದ ಹಿರಿಯರದು. ಅವರಿಗೆ ನನ್ನ ಉತ್ತರ ಚಿಕ್ಕದು. ಪಗಡೆ ತೆಗೆದರೆ ಮಹಾಭಾರತದಲ್ಲಿ ಯುದ್ಧವೇ ಇಲ್ಲ. ಆಟದ ನಿಯಮದಿಂದ ಒಂದು ವಂಶ ಹಾಳಾದ ಕಥೆ ಹೇಳುವ ಕಾವ್ಯ ಆಟದ ನಿಯಮವನ್ನು ಕೀಳಾಗಿ ಕಂಡಿಲ್ಲ.

ಇನ್ನೊಂದು ಕಲ್ಲು ಧಾಲ್ಸಿಮ್‌ನ ಮೇಲೆ. ಜಪಾನಿನವರು ನಮ್ಮ ಯೋಗಿಯನ್ನು ತಲೆಬುರುಡೆಯ ಹಾರ ಹಾಕಿ ಕೋಡಂಗಿ ಮಾಡಿದರು, ಇದು ಅವಮಾನ ಎಂದು. ಇದರಲ್ಲಿ ಅರ್ಧ ನಿಜ. ಕೈ ಉದ್ದವಾಗುವ ಭಾರತೀಯ ಎಂಬ ಕಲ್ಪನೆ 1976ರ ಒಂದು ಕುಂಗ್ ಫೂ ಸಿನಿಮಾದಿಂದ ಎತ್ತಿದ್ದು ಎನ್ನುತ್ತಾರೆ. ಆಟದ ಕಥೆಯಲ್ಲಿ ಅವನ ಊರು ಕೇರಳ, ಆದರೆ ಅವನ ಮೈಮೇಲೆ ಕೇರಳದ್ದು ಒಂದು ನೂಲೂ ಇಲ್ಲ. ಆನೆ, ಯೋಗ, ಬೆಂಕಿ, ಬುರುಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಮೆತ್ತಿದ್ದಾರೆ. ಒಪ್ಪಿದೆ. ಆದರೆ ಬುರುಡೆ ಹಾರದ ಬಗ್ಗೆ ಸಿಟ್ಟು ಮಾಡಿಕೊಳ್ಳುವವರು ದಯವಿಟ್ಟು ಹಳೇಬೀಡಿನ ಗೋಡೆಯ ಭೈರವನ ಮುಂದೆ ಐದು ನಿಮಿಷ ನಿಲ್ಲಿ. ಬತ್ತಲೆ ಮೈ, ರುಂಡಮಾಲೆ, ಕೈಯಲ್ಲಿ ಕಡಿದ ತಲೆ, ಕಾಲ ಬಳಿ ಮೂಳೆಯೆದ್ದ ಬೇತಾಳ. ಇದು ನಮ್ಮ ರೂವಾರಿಯೇ ಕೆತ್ತಿದ ನಮ್ಮ ದೇವರು. ಬುರುಡೆ ನಮಗೆ ಹೊರಗಿನದಲ್ಲ. ಆಟದಲ್ಲಿ ಆ ಬುರುಡೆಗಳಿಗೆ ಒಂದು ಕಾರಣವೂ ಇದೆ: ಊರಿಗೆ ಮಾರಿ ಬಂದು ಸತ್ತ ಮಕ್ಕಳ ಬುರುಡೆಗಳವು. ಅವನಿಗೆ ಹೊಡೆದಾಟ ಬೇಡ, ಊರಿಗೆ ದುಡ್ಡು ಬೇಕೆಂದು ಹೊಡೆದಾಡುತ್ತಾನೆ. ಅರ್ಜುನನಷ್ಟು ಅಲ್ಲದಿದ್ದರೂ ಧಾಲ್ಸಿಮ್‌ಗೂ ಒಂದು ವಿಷಾದಯೋಗ ಇದೆ. ಮಿಸೈಲಿಗೆ ಇಲ್ಲ.

ಆಟಕ್ಕೂ ಅಸ್ತ್ರಕ್ಕೂ ಇರುವ ಅಂತರವನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. ಯೋಗಾ ಫೈರ್ ಇಂದಿಗೂ ಬೆಳೆಯುತ್ತಿದೆ. 2023ರ ಜೂನಿನಲ್ಲಿ ಬಂದ ಸ್ಟ್ರೀಟ್ ಫೈಟರ್ 6ರಲ್ಲಿ ಧಾಲ್ಸಿಮ್ ನೇರ ಬೆಂಕಿಯ ಜೊತೆಗೆ ಕಮಾನಿನಂತೆ ಮೇಲೇರಿ ಇಳಿಯುವ ಬೆಂಕಿಯನ್ನೂ, ಗಾಳಿಯಲ್ಲಿದ್ದು ಕೆಳಕ್ಕೆ ಬಿಡುವ ಬೆಂಕಿಯನ್ನೂ ಎಸೆಯುತ್ತಾನೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು; ಎರಡು ಸುದ್ದಿಗೂ ಖುಷಿಪಟ್ಟವರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಆದರೆ ಇಷ್ಟು ವರ್ಷದಲ್ಲಿ ಧಾಲ್ಸಿಮ್‌ಗೆ ಬರದ ಒಂದು ವಿದ್ಯೆ ಇದೆ. ಬಿಟ್ಟದ್ದನ್ನು ಹಿಂದಕ್ಕೆ ಕರೆಯುವುದು. ಉಪಸಂಹಾರ. ಯುದ್ಧ ಮುಗಿದ ಮೇಲೆ, ಮಲಗಿದವರನ್ನು ಕೊಂದು ಬಂದ ಅಶ್ವತ್ಥಾಮ ಒಂದು ಹುಲ್ಲುಕಡ್ಡಿಗೆ ಬ್ರಹ್ಮಶಿರವನ್ನು ಆವಾಹಿಸಿ ಎಸೆಯುತ್ತಾನೆ. ಅರ್ಜುನನೂ ಬಿಡುತ್ತಾನೆ. ಎರಡರ ನಡುವೆ ವ್ಯಾಸ ನಾರದರು ಬಂದು ನಿಲ್ಲುತ್ತಾರೆ. ಅರ್ಜುನ ತನ್ನದನ್ನು ಹಿಂತೆಗೆದುಕೊಂಡ. ಅಶ್ವತ್ಥಾಮನಿಗೆ ಎಸೆಯುವ ಕ್ರಮ ಮಾತ್ರ ಗೊತ್ತಿತ್ತು, ಹಿಂದೆ ಕರೆಯುವ ಕ್ರಮ ಬಾರದು. ಅದು ಹುಟ್ಟದ ಮಗುವಿನ ಮೇಲೆ ಹೋಗಿ ಬಿತ್ತು. ಅಪ್ಪ ದ್ರೋಣ ಮಗನಿಗೆ ಅದನ್ನು ಹೇಳಿಕೊಡುವಾಗಲೇ ಅಳುಕಿದ್ದ.

ಕ್ಷಿಪಣಿಯನ್ನು ನಮ್ಮ ಮಕ್ಕಳಿಗೆ ಹೆಮ್ಮೆಯೆಂದು ಹಂಚುತ್ತಿರುವವರು ಅವರಿಗೆ ಕೊಡುತ್ತಿರುವುದು ಅಶ್ವತ್ಥಾಮನ ಅರ್ಧ ಪಾಠ. ಹಳೇಬೀಡಿನಲ್ಲಿ ಇಡೀ ಪಾಠ ಇದೆ, ಗೇಣೆತ್ತರದ ಪಟ್ಟಿಯಲ್ಲಿ. ಅರಸೀಕೆರೆಯಿಂದ ಬರುವುದಾದರೆ ಬಾಣಾವರ, ಜಾವಗಲ್ ದಾಟಿ ಬನ್ನಿ. ಜಾವಗಲ್ಲಿನಲ್ಲಿ ಒಳ್ಳೆಯ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ, ಆದರೂ ಜಗತ್ತಿಗೆ ಆ ಊರಿನ ಹೆಸರು ಗೊತ್ತಾಗಿದ್ದು ಚೆಂಡು ಎಸೆದ ಶ್ರೀನಾಥರಿಂದ. ವೇಗದ ಚೆಂಡಿನ ನಡುವೆ ಒಂದು ನಿಧಾನದ್ದನ್ನು ಬಿಟ್ಟು ಬ್ಯಾಟ್ಸ್‌ಮನ್ನನ್ನು ಬೇಸ್ತು ಬೀಳಿಸುತ್ತಿದ್ದವರು ಅವರು. ಬೆಳಿಗ್ಗೆ ಬೇಗ ಹೋದರೆ ಓರೆ ಬಿಸಿಲು ಪೂರ್ವದ ಗೋಡೆಯ ಮೇಲೆ ಬೀಳುತ್ತದೆ, ಸಣ್ಣ ಕೆತ್ತನೆ ಎದ್ದು ಕಾಣುತ್ತದೆ. ಗೈಡಿಗೆ ಅವನ ದುಡ್ಡು ಕೊಡಿ, ಚೌಕಾಸಿ ಮಾಡಬೇಡಿ. ಆಮೇಲೆ ಪಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿ: ಅಣ್ಣಾ, ಈ ಬಾಣ ಬಿಟ್ಟೋರು ಯಾರು? ತಾಗಿದ್ದು ಯಾರಿಗೆ?